ಐದನೆಯ ಬಿಲ್ಲೆ

ತರಬೇತಿಯ ಹೊಗೆಮನೆಯ ಗಾಜಿನಾಚೆ ನಿಂತ ತರುಣ ಅಧಿಕಾರಿಯ ಬಾಯಿ ಕಟ್ಟಿಹೋಗಿತ್ತು. ಒಳಗಿನ ಬೆಂಕಿ ಸುಳ್ಳು, ಕೇಳಿಬರುತ್ತಿದ್ದ ಕಿರುಚಾಟವೂ ಸುಳ್ಳು. ಅವನ ಎದೆಬಡಿತ ಮಾತ್ರ ನಿಜವಾದದ್ದು. ನಿಮಿಷಕ್ಕೆ ನೂರ ಅರವತ್ತೆಂಟು ಎಂದು ಪರದೆ ತೋರಿಸುತ್ತಿತ್ತು. ಕೈಕೆಳಗಿನ ಆರು ಮಂದಿ ಅವನ ಮುಖವನ್ನೇ ನೋಡುತ್ತ ಆಜ್ಞೆಗಾಗಿ ನಿಂತಿದ್ದರು. ಹನ್ನೊಂದು ಸೆಕೆಂಡು ಕಳೆದ ಮೇಲೆ ಅವನ ಶಿರಸ್ತ್ರಾಣದಿಂದ ಅವನದೇ ದನಿ, ತುಸುವೂ ನಡುಗದೆ, ಹೊರಬಿತ್ತು: “ಮೆಟ್ಟಿಲ ಕಡೆ ಬ್ಯಾಡ. ಎಲ್ಲಾರೂ ಹಿಂದಿನ ಬಾಗಿಲಿಗೆ ಬರ್ರಿ.”

ಆರು ಮಂದಿಯೂ ಥಟ್ಟನೆ ತಿರುಗಿದರು. ಅಧಿಕಾರಿಯ ತುಟಿ ಅಲುಗಿರಲಿಲ್ಲ.

ಹೊರಗೆ ಬಂದ ಮೇಲೆ, ಸೇನೆಯಿಂದ ನೋಡಲು ಬಂದಿದ್ದ ಮೂವರು ಅತಿಥಿಗಳ ಎದುರಿಗೆ ಅವನನ್ನು ಕೇಳಲಾಯಿತು: “ಹಿಂದಿನ ಬಾಗಿಲಿಗೆ ಬನ್ನಿ ಅಂತ ಆಜ್ಞೆ ಕೊಟ್ಟವರು ಯಾರು?”

“ನಾನ ಸರ್,” ಎಂದ ಅವನು. ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಅತಿಥಿಗಳು ತಲೆದೂಗಿದರು. ಡಾ. ಇಂದುಮತಿ ನಾಡಿಗೇರ್ ನಗಲಿಲ್ಲ. ಈ ಯಂತ್ರವನ್ನು ಕಟ್ಟಿದವಳು ಅವಳೇ. ಇದೇ ಪ್ರಶ್ನೆಗೆ ಇದೇ ಉತ್ತರವನ್ನು ಅವಳು ಏಳು ವರ್ಷಗಳಿಂದ ಕೇಳುತ್ತ ಬಂದಿದ್ದಳು.

ಯಂತ್ರದ ಹೆಸರು ‘ಆಜ್ಞಾಪೂರಕ’. ಧಾರವಾಡದ ಹೊರವಲಯದ ತುರ್ತುಸೇವಾ ಸಾಮರ್ಥ್ಯ ಕೇಂದ್ರದಲ್ಲಿ ಅದು ಹುಟ್ಟಿತು. ಅದರ ಹಿಂದಿನ ವಿಚಾರ ಸರಳ. ಬೆಂಕಿ, ಪ್ರವಾಹ, ಯುದ್ಧ ಎಲ್ಲಿಯೇ ಆಗಲಿ, ಬಹಳ ಜೀವಗಳು ಹೋಗುವುದು ತಪ್ಪು ಆಜ್ಞೆಯಿಂದಲ್ಲ, ಆಜ್ಞೆಯೇ ಹೊರಡದೆ ಇರುವುದರಿಂದ. ಒತ್ತಡ ಮಿತಿ ಮೀರಿದಾಗ ನಾಯಕನ ಉಸಿರು ನಿಲ್ಲುತ್ತದೆ, ಮುಷ್ಟಿ ಬಿಗಿಯುತ್ತದೆ, ನಾಲಿಗೆ ಏಳುವುದಿಲ್ಲ. ಇಂದುಮತಿ ಇದಕ್ಕೆ ‘ಸ್ತಂಭನ’ ಎಂದು ಹೆಸರಿಟ್ಟಳು. ಶಿರಸ್ತ್ರಾಣದಲ್ಲಿ ಕೂತ ಆಜ್ಞಾಪೂರಕ ಈ ಚಿಹ್ನೆಗಳನ್ನು ಓದುತ್ತದೆ. ಸಂದರ್ಭ ನೋಡಿಕೊಂಡು ಸಾಮಾನ್ಯವಾಗಿ ಎಂಟರಿಂದ ಇಪ್ಪತ್ತು ಸೆಕೆಂಡು, ಆಜ್ಞೆಯಿಂದ ಯಾರ ಜೀವಕ್ಕಾದರೂ ಅಪಾಯವಿದ್ದರೆ ಇನ್ನೂ ಹೆಚ್ಚು ಕಾಯುತ್ತದೆ. ಆಗಲೂ ಮಾತು ಬರದಿದ್ದರೆ ತಾನೇ ತೀರ್ಮಾನಿಸಿ, ನಾಯಕನ ದನಿಯಲ್ಲೇ ತಂಡಕ್ಕೆ ಆಜ್ಞೆ ಕೊಡುತ್ತದೆ. ಬೇರೆ ದನಿಯಾದರೆ ತಂಡ ಗೊಂದಲಕ್ಕೆ ಬೀಳುತ್ತದೆ.

ಮೊದಲ ಪ್ರಯೋಗಗಳಲ್ಲೇ ಒಂದು ವಿಚಿತ್ರ ಕಂಡುಬಂದಿತ್ತು. ತನ್ನ ದನಿಯನ್ನು ತನ್ನ ಕಿವಿಯಲ್ಲೇ ಕೇಳಿದ ಮಿದುಳು ಅದನ್ನು ತನ್ನದೇ ಮಾತೆಂದು ಒಪ್ಪಿಕೊಂಡುಬಿಡುತ್ತಿತ್ತು. ನಡುವಿನ ಮೌನವನ್ನು ನುಂಗಿ, “ನೋಡಿದ ಕೂಡಲೇ ಹೇಳಿದೆ” ಎಂದು ನೆನಪಿನ ಎರಡು ತುದಿಗಳನ್ನು ಜೋಡಿಸಿಕೊಳ್ಳುತ್ತಿತ್ತು. ಇದು ‘ಸ್ಮೃತಿಸ್ವೀಕಾರ’. ಮಾತಾಡಿದ್ದು ಯಂತ್ರ ಎಂದು ತಿಳಿಸಿದ ಅಧಿಕಾರಿಗಳು ಮುಂದಿನ ಸಲ ಇನ್ನಷ್ಟು ಹೆದರಿದರು. ತಿಳಿಸದೆ ಬಿಟ್ಟವರಲ್ಲಿ ಆತ್ಮವಿಶ್ವಾಸ ಹೆಚ್ಚಿತು. ಹಾಗಾಗಿ ತಿಳಿಸದಿರುವುದೇ ಒಳ್ಳೆಯದೆಂದು ಇಂದುಮತಿ ವರದಿ ಬರೆದಳು. ಅಧಿಕಾರಿಗಳಿಗೆ ಹೇಳಿದ್ದು ಇಷ್ಟೇ: “ನಿಮ್ಮ ನಾಲಿಗೆ ತಡವರಿಸಿದರೆ ಇದು ನಿಮ್ಮ ಮಾತನ್ನು ಪೂರ್ತಿ ಮಾಡುತ್ತದೆ.” ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಾವ ಆಜ್ಞೆ ಮನುಷ್ಯನದು, ಯಾವುದು ಯಂತ್ರದ್ದು ಎಂಬ ಕಾಲಮ್ಮು ದಾಖಲೆಯಲ್ಲಿತ್ತು. ಅದನ್ನು ತೆರೆಯುವ ಅಧಿಕಾರ ಅವಳೊಬ್ಬಳಿಗೇ ಇತ್ತು.

ಸಾಹಸದ ಹೆಮ್ಮೆಯನ್ನು ಬಿಟ್ಟಿಯಾಗಿ ಕೊಡುತ್ತಿದ್ದೇವೆ ಎಂದುಕೊಂಡಿದ್ದಳು ಪಾಪ. ಅದೇ ಹಾದಿಯಲ್ಲಿ ಇನ್ನೇನು ಹೋಗಿ ಮನುಷ್ಯನ ಎದೆಯಲ್ಲಿ ಕೂರಬಹುದು ಎಂದು ಅವಳು ಯೋಚಿಸಿರಲಿಲ್ಲ.

ಅತಿಥಿಗಳು ಊಟಕ್ಕೆ ಹೋದ ಮೇಲೆ ಅವಳ ಕೋಣೆಗೆ ಒಬ್ಬ ಮನುಷ್ಯ ಬಂದ. ಐವತ್ತೆರಡರ ವಯಸ್ಸು, ಗಟ್ಟಿ ಮೈಕಟ್ಟು. ಕೈಯಲ್ಲಿ ಮಡಿಸಿದ ಒಂದು ಕಾಗದವಿತ್ತು. ಹೆಸರು ಹೇಳುವ ಮುಂಚೆಯೇ ಇಂದುಮತಿ ಗುರುತು ಹಿಡಿದಳು. ಅವನ ಫೋಟೊ ಕೇಂದ್ರದ ಪ್ರತಿ ತರಗತಿಯ ಗೋಡೆಯ ಮೇಲೂ ಇತ್ತು.

“ಬರ್ರಿ ಹಾದಿಮನಿಯವರ, ಕೂಡ್ರಿ. ಪಾಠಕ್ಕ ಬರ್ರಿ ಅಂತ ನಾಕು ಪತ್ರ ಬರದೆ, ಒಂದಕ್ಕೂ ಉತ್ತರ ಇಲ್ಲ.”

“ಉತ್ತರ ಕೊಡಾಕ ಬಂದೇನ್ರಿ ಮೇಡಂ,” ಎಂದ ಚನ್ನವೀರಪ್ಪ ಹಾದಿಮನಿ. ಕೂರಲಿಲ್ಲ. “ನಿಮ್ಮ ಪಾಠದಾಗಿಂದ ನನ್ನ ಹೆಸರು ತಗೀರಿ. ಮುಂದಿನ ತಿಂಗಳಿಗೆ ನೌಕರಿ ಬಿಡಾಕತ್ತೇನಿ. ಇದು ಅದರ ಅರ್ಜಿ. ನಿಮಗೂ ಒಂದು ಪ್ರತಿ.”

ಅವನು ಹೇಳಿದ್ದು ‘ಪಾಠ ಒಂದ’ರ ವಿಷಯ. ಮೂರು ವರ್ಷಗಳ ಹಿಂದೆ ಬ್ಯಾಡಗಿ ಸೀಮೆಯ ಒಂದು ಮೆಣಸಿನಕಾಯಿ ಶೈತ್ಯಾಗಾರಕ್ಕೆ ಮಟಮಟ ಮಧ್ಯಾಹ್ನ ಬೆಂಕಿ ಬಿದ್ದಿತ್ತು. ಬೆಂಕಿಗಿಂತ ಮೆಣಸಿನಕಾಯಿಯ ಹೊಗೆ ದೊಡ್ಡ ವೈರಿ. ಎರಡು ಫರ್ಲಾಂಗು ದೂರದವರೂ ಕೆಮ್ಮಿ ಕೆಮ್ಮಿ ಬಗ್ಗಿದ್ದರು. ಪಕ್ಕದ ಕೋಣೆಯಲ್ಲಿ ತಂಪುಯಂತ್ರದ ಅಮೋನಿಯಾ ತೊಟ್ಟಿ. ಅದರ ಹಿಂದಿನ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಇನ್ನೂರ ಅರವತ್ತು ಹೆಂಗಸರು. ಅವರು ಹೊರಗೆ ಬರಲು ಇದ್ದ ಒಂದೇ ದಾರಿ ಆ ತೊಟ್ಟಿಯ ಮುಂದಿನಿಂದ. ತೊಟ್ಟಿ ಕಾದು ಒಡೆಯುವ ಮುಂಚೆ ಠಾಣಾಧಿಕಾರಿ ಹಾದಿಮನಿಯ ದನಿ ಕೇಳಿಸಿತು: “ಬಾಗಿಲ ಹಾಕ್ರಿ. ಗ್ಯಾಸ್ ಬಿಡ್ರಿ.” ಕಬ್ಬಿಣದ ಬಾಗಿಲು ಮುಚ್ಚಿತು, ಬೆಂಕಿಯ ಉಸಿರು ಕಟ್ಟುವ ಅನಿಲ ಒಳಗೆ ನುಗ್ಗಿತು, ಬೆಂಕಿ ಸತ್ತಿತು. ಒಬ್ಬ ಹೆಂಗಸಿಗೂ ಸುಟ್ಟಗಾಯ ಆಗಲಿಲ್ಲ.

ಒಳಗೆ ಫಕ್ಕೀರೇಶ ತಳವಾರ ಉಳಿದಿದ್ದ. ಅಗ್ನಿಶಾಮಕ ದಳದವನು, ಮೂವತ್ತನಾಲ್ಕು ವರ್ಷ. ಅಂಗಳದ ಇನ್ನೂರ ಅರವತ್ತು ಮಂದಿಯಲ್ಲಿ ಅವನ ಹೆಂಡತಿ ರೇಣವ್ವನೂ ಇದ್ದಳು.

ಹಾದಿಮನಿಗೆ ಪದಕ ಸಿಕ್ಕಿತು. ‘ಕಠಿಣ ಕ್ಷಣದಲ್ಲಿ ನಾಯಕತ್ವ’ ಎಂಬ ಶೀರ್ಷಿಕೆಯಲ್ಲಿ ಅವನ ತೀರ್ಮಾನ ಪಾಠವಾಯಿತು.

“ಅರ್ಜಿ ಆಮ್ಯಾಲೆ ನೋಡೋಣ. ಬಿಡೂದು ಯಾಕ?” ಇಂದುಮತಿ ಕೇಳಿದಳು. ಕೇಳುವಾಗ ಅವಳ ಕಣ್ಣು ಮೇಜಿನ ಮೇಲಿತ್ತು. ಆ ಆಜ್ಞೆ ಇವನದಲ್ಲ, ಯಂತ್ರದ್ದು ಎಂಬುದು ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು.

ಹಾದಿಮನಿ ಅಂಗಿಯ ಕಿಸೆಯಿಂದ ಏನನ್ನೋ ತೆಗೆದು ಮೇಜಿನ ಮೇಲೆ ಇಟ್ಟ. ಎಂಟಾಣೆ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆ ಬಿಲ್ಲೆ. ಮೇಲೆ ‘೫’ ಎಂದು ಕೊರೆದಿತ್ತು.

“ಇದು ಫಕ್ಕೀರೇಶಂದು. ನಮ್ಮ ಠಾಣೆದಾಗ ಹಳೇ ಪದ್ಧತಿ ಐತ್ರಿ. ಹೊಗಿಯೊಳಗ ಹೋಗೂ ಮುಂದ ಒಬ್ಬೊಬ್ಬರೂ ತಮ್ಮ ಬಿಲ್ಲೆ ನಾಯಕನ ಅಂಗೈಯಾಗ ಒತ್ತಿ ಹೋಗಬೇಕು. ಹೊರಗ ಬಂದ ಮ್ಯಾಲೆ ಇಸ್ಕೊಬೇಕು. ಕೈ ಖಾಲಿ ಆತಂದ್ರ ಎಲ್ಲಾರೂ ಬಂದ್ರು ಅಂತ ಲೆಕ್ಕ.”

“ಅದನ್ನ ನಿಲ್ಲಿಸ್ರಿ ಅಂತ ಇಲಾಖೆಯಿಂದ ಸುತ್ತೋಲೆ ಬಂದಿತ್ತಲ್ಲ? ಯಾರು ಎಲ್ಲಿದಾರಂತ ತೋರಸೂ ಎದೆಪಟ್ಟಿ ಬಂದ ಮ್ಯಾಲೆ?”

“ಬಂದಿತ್ರಿ. ಫೈಲಿಗೆ ಹಾಕಿದೆ. ಅದಕ್ಕ ವಿಚಾರಣೆದಾಗ ಬಿಲ್ಲೆ ಸುದ್ದಿ ತಗೀಲಿಲ್ಲ.” ಅವನು ಬಿಲ್ಲೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದ. “ಅವತ್ತ ಐದು ಮಂದಿ ಹೋದ್ರು, ನಾಕು ಬಿಲ್ಲೆ ತಿರುಗಿ ಕೊಟ್ಟೆ. ಐದನೇದು ಮುಷ್ಟಿಯಾಗ ಇತ್ತು ಮೇಡಂ. ಒಳಗ ಅಂವಾ ಅದಾನಂತ ನನ್ನ ಕೈಗೆ ಗೊತ್ತಿತ್ತು. ಗೊತ್ತಿದ್ದೂ ಒಮ್ಮೆಲೇ ಬಾಗಿಲ ಹಾಕಸೇನಿ. ಒಂದು ಕ್ಷಣ ತಡೀಲಿಲ್ಲ. ಮೂರು ವರ್ಷಾತು, ಹ್ಯಾಂಗ ಹೇಳಿದ್ನೋ ತಿಳೀವಲ್ದು. ನಿಮ್ಮ ಯಂತ್ರ ತಲಿಯೊಳಗ ನೋಡ್ತದಂತಲ್ಲ, ಅದನ್ನರ ಕೇಳಿ ಹೇಳ್ರಿ. ಅವತ್ತ ನನ್ನ ತಲಿಯೊಳಗ ಏನಿತ್ತು?”

ಮುಚ್ಚಿಡಲು ಇಂದುಮತಿಗೆ ಆ ಕ್ಷಣದಲ್ಲೂ ಅವಕಾಶವಿತ್ತು. ದಾಖಲೆ ಗೋಪ್ಯ ಎನ್ನಬಹುದಿತ್ತು, ವೈದ್ಯರ ಹತ್ತಿರ ಕಳಿಸಬಹುದಿತ್ತು, ಬೆನ್ನು ತಟ್ಟಿ ಚಹಾ ತರಿಸಬಹುದಿತ್ತು. ಮೂರು ವರ್ಷ ಅವಳು ಮಾಡಿದ್ದು ಅದನ್ನೇ ಅಲ್ಲವೇ? ಆದರೆ ಎದುರಿಗೆ ಇದ್ದದ್ದು ಗೋಡೆಯ ಮೇಲಿನ ಫೋಟೊ ಆಗಿರಲಿಲ್ಲ.

“ಹಾದಿಮನಿಯವರ,” ಎಂದಳು ಕೊನೆಗೆ, “ಬಾಗಿಲ ಹಾಕ್ರಿ ಅಂದದ್ದು ನೀವಲ್ಲ.”

ಅವನಿಗೆ ಅರ್ಥವಾಗಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಸ್ತಂಭನ, ದನಿ, ನೆನಪು ತನ್ನನ್ನು ತಾನೇ ಹೊಲಿದುಕೊಳ್ಳುವ ರೀತಿ, ಅದನ್ನು ತಾನು ಬೇಕೆಂದೇ ಬಚ್ಚಿಟ್ಟದ್ದು. ಹಾದಿಮನಿ ಕೊನೆಯವರೆಗೂ ನಿಂತೇ ಕೇಳಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ.

“ಅಂದ್ರ ನಾ ಅಂಜಿ ನಿಂತುಬಿಟ್ಟಿದ್ದೆ.”

“ಹಂಗಂತ ದಾಖಲೆ ಹೇಳ್ತದ. ಹತ್ತೊಂಬತ್ತು ಸೆಕೆಂಡು.”

“ಕೇಳಸ್ರಿ.”

ಇಂದುಮತಿ ಧ್ವನಿಮುದ್ರಿಕೆ ತೆರೆದಳು. ದೂರದಲ್ಲಿ ಬೆಂಕಿಯ ಮೊರೆತ. ಮುಖಕವಚದೊಳಗಿನ ಉಸಿರು, ಆಮೇಲೆ ಉಸಿರೂ ಇಲ್ಲ. ಆ ಮೌನದಲ್ಲಿ ಆಗಾಗ ಒಂದು ಸಣ್ಣ ಸದ್ದು: ಟಿಕ್ ಟಿಕ್, ಟಿಕ್. ಮತ್ತೆ ಮೌನ. ಮತ್ತೆ ಟಿಕ್ ಟಿಕ್, ಟಿಕ್. ಇದನ್ನು ಅವಳು ನೂರಾರು ಸಲ ಕೇಳಿದ್ದಳು. ಅಂಚಿನಲ್ಲಿ ‘ಮೈಕಿನ ದೋಷ’ ಎಂದು ಟಿಪ್ಪಣಿ ಬರೆದಿದ್ದಳು.

ಹಾದಿಮನಿಯ ಬಲಗೈ ತಾನಾಗಿ ಮೇಜಿನ ಮೇಲಿನ ಬಿಲ್ಲೆಯನ್ನು ಎತ್ತಿಕೊಂಡಿತು, ಕುರ್ಚಿಯ ಕಬ್ಬಿಣದ ಕೈಗೆ ಬಡಿಯಿತು. ಟಣ್ ಟಣ್, ಟಣ್.

“ಇದು… ಇದು ನಾನ್ರಿ,” ಎಂದ. “ಬಾಗಿಲ ಚೌಕಟ್ಟಿಗೆ ಬಿಲ್ಲೆ ಬಡೀಲಿಕ್ಕತ್ತೇನಿ. ಹೊಗಿಯೊಳಗ ಕಣ್ಣು ಕಾಣಂಗಿಲ್ಲ, ಮುಖಕವಚದಾಗ ಕೂಗಿದ್ರ ತಿಳಿಯಂಗಿಲ್ಲ. ಕಬ್ಬಿಣಾ ಬಡದ್ರ ಸಪ್ಪಳ ನೆಲಾ ಹಿಡದು ಹೋಗ್ತದ. ಎರಡು ಮತ್ತು ಒಂದು: ಈ ಕಡೆ ಬಾ. ನಮ್ಮ ಹಿರೇರು ಕಲಿಸಿದ್ದು.” ಅವನು ಕಣ್ಣು ಮುಚ್ಚಿದ. “ಬಡದು ಉಸಿರು ಹಿಡದೇನಿ. ಅಂವಾ ತಿರುಗಿ ಬಡೀತಾನೇನಂತ ಕೇಳಾಕ.”

ಮುದ್ರಿಕೆಯಲ್ಲಿ ಇನ್ನೊಮ್ಮೆ ಟಿಕ್ ಟಿಕ್, ಟಿಕ್. ಮರುಕ್ಷಣವೇ ಸ್ಪಷ್ಟವಾದ, ನಡುಗದ ದನಿ: “ಬಾಗಿಲ ಹಾಕ್ರಿ. ಗ್ಯಾಸ್ ಬಿಡ್ರಿ.”

ಇಂದುಮತಿ ಮುದ್ರಿಕೆ ನಿಲ್ಲಿಸಿದಳು. ಉಸಿರು ನಿಂತಿದೆ, ಮುಷ್ಟಿ ಬಿಗಿದಿದೆ, ಮಾತಿಲ್ಲ. ಹೆದರಿ ಕಲ್ಲಾದವನಲ್ಲಿ ಕಾಣುವ ಚಿಹ್ನೆಗಳೆಲ್ಲ ಕಿವಿಗೊಟ್ಟು ಕಾಯುವವನಲ್ಲೂ ಕಾಣುತ್ತವೆ. ಈ ಮನುಷ್ಯ ಆ ಹತ್ತೊಂಬತ್ತು ಸೆಕೆಂಡೂ ಆಜ್ಞೆ ಕೊಡುತ್ತಲೇ ಇದ್ದ. ಬಾಯಿಂದ ಬಂದದ್ದನ್ನು ಮಾತ್ರ ಆಜ್ಞೆ ಎಂದು ಬರೆದಿಟ್ಟವಳು ಅವಳು.

“ಅಂವಾ ಒಳಗಿದ್ದದ್ದು ನಿಮ್ಮ ಯಂತ್ರಕ್ಕ ಗೊತ್ತಿದ್ದಿಲ್ಲೇನ್ರಿ?” ಹಾದಿಮನಿ ಕೇಳಿದ.

ಅವಳು ಎಣಿಕೆಯ ಪುಟ ತೆಗೆದಳು. ಒಳಗೆ ಉಳಿದವರು: ಸೊನ್ನೆ. ಫಕ್ಕೀರೇಶನ ಎದೆಪಟ್ಟಿಯ ಸಂಕೇತ ಬಾಗಿಲಿನಿಂದ ಒಳಕ್ಕೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಹೊರಗೆ ಬಂದ ಸಿಬ್ಬಂದಿ ಉಸಿರಾಡಲು ಮೊದಲು ಕಿತ್ತೆಸೆಯುವುದು ಎದೆಪಟ್ಟಿಯನ್ನೇ. ಆದ್ದರಿಂದ ಬಾಗಿಲ ಸಮೀಪದಲ್ಲಿ ಸಂಕೇತ ನಿಂತರೆ ಆ ಮನುಷ್ಯ ಹೊರಬಂದನೆಂದು ಎಣಿಸಬೇಕು ಎಂದು ಒಂದು ನಿಯಮವಿತ್ತು. ವಿಚಾರಣೆಯವರು ಬೇರೆ ರೀತಿ ಬರೆದಿದ್ದರು: ಸಂಕೇತ ನಿಂತಾಗಲೇ ಜೀವ ಹೋಗಿತ್ತು. ಇಂದುಮತಿ ಮೂರು ವರ್ಷ ಆ ಒಂದು ವಾಕ್ಯವನ್ನು ನೆಚ್ಚಿಕೊಂಡು ನಿದ್ದೆ ಮಾಡಿದ್ದಳು.

“ಜೀವ ಹೋಗಿದ್ದಿಲ್ರಿ,” ಎಂದ ಹಾದಿಮನಿ. “ಪಟ್ಟಿ ಸಿಕ್ಕದ್ದು ಇಪ್ಪತ್ತು ಹೆಜ್ಜಿ ಮ್ಯಾಲೆ. ಅಂವಾ ಸಿಕ್ಕದ್ದು ಹನ್ನೆರಡಕ್ಕ. ನಾನ ಹೊರಗ ತಂದೇನಿ. ಮೆಣಸಿನಕಾಯಿ ಉರಿ ತಾಳಲಾರದ ಪಟ್ಟಿ ಹರದೊಗದು, ಎಂಟು ಹೆಜ್ಜಿ ನಡದಾನ. ಮುಖ ಬಾಗಿಲ ಕಡೆಗಿತ್ತು. ಸಪ್ಪಳ ಕೇಳಿ ಬರಾಕತ್ತಿದ್ದ.”

ಇಂದುಮತಿ ಎಣಿಕೆಯ ಪುಟ ಮುಚ್ಚಿದಳು.

“ಯಂತ್ರಕ್ಕ ಗೊತ್ತಿದ್ರ?” ಹಾದಿಮನಿಯೇ ಮತ್ತೆ ಕೇಳಿದ.

“ತೊಟ್ಟಿ ಒಡ್ಯಾಕ ಇನ್ನೂ ಮೂವತ್ತೊಂದು ಸೆಕೆಂಡು ಇತ್ತು. ಒಬ್ಬಂವ ಒಳಗ ಅದಾನಂತ ಗೊತ್ತಿದ್ರ ಅಷ್ಟೂ ಕಾಯ್ತಿತ್ತು.”

“ಹನ್ನೆರಡು ಹೆಜ್ಜಿಗೆ ಮೂವತ್ತೊಂದು ಸೆಕೆಂಡು.” ಅವನು ಲೆಕ್ಕ ಹಾಕುವವನಂತೆ ಬಾಗಿಲ ಕಡೆ ನೋಡಿದ.

“ನಿಮ್ಮ ತಪ್ಪು ಇದರಾಗ ಏನೂ ಇಲ್ಲ ಹಾದಿಮನಿಯವರ. ಆ ನಿಯಮ ಬರದಾಕಿ ನಾನು.”

ಮೂರು ವರ್ಷದ ಭಾರ ಇಳಿದ ಮನುಷ್ಯ ಹಗುರಾಗಬೇಕಿತ್ತು. ಇಂದುಮತಿ ಅದನ್ನೇ ನಿರೀಕ್ಷಿಸಿ ಅವನ ಮುಖ ನೋಡಿದಳು. ಹಾದಿಮನಿ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಮುಷ್ಟಿ ಬಿಗಿದ.

“ಮೂವತ್ತೊಂದು ಅಂತ ನಿಮಗ ಗೊತ್ತು, ನನಗ ಗೊತ್ತಿದ್ದಿಲ್ಲ. ಬಿಲ್ಲೆ ಕೈಯಾಗಿತ್ತು. ಮೂವತ್ತಕ್ಕ ಬಾಗಿಲ ಹಾಕಸ್ತಿದ್ನೋ, ನಲವತ್ತರ ತನಾ ಬಡಕೋತ ನಿಲ್ತಿದ್ನೋ? ನಲವತ್ತು ಆಗಿದ್ರ ಅಂಗಳದಾಗಿನ ಹೆಣ್ಮಕ್ಕಳು…” ಅವನು ಮಾತು ನಿಲ್ಲಿಸಿದ. “ಇಷ್ಟ ದಿನಾ ಮಾಡಿದ್ದಕ್ಕ ಮರಗಿದೆ. ಇನ್ನ ಮಾಡದ ಇದ್ದದ್ದಕ್ಕೂ ಮರಗಬೇಕೇನ್ರಿ ಮೇಡಂ?”

ಎದ್ದು ಹೊರಡುವಾಗ ಹಾದಿಮನಿ ಒಂದು ಮಾತು ಹೇಳಿದ. ಪ್ರತಿ ವರ್ಷ ಆ ದಿನ ಅವನು ರೇಣವ್ವನ ಮನೆಗೆ ಹೋಗುತ್ತಿದ್ದ. ಮೊದಲ ವರ್ಷ ಕಟ್ಟೆಯ ಮೇಲೆ ಕೂತು, “ಬಾಗಿಲ ಹಾಕ್ರಿ ಅಂದಾಂವ ನಾನು, ಒಂದು ಕ್ಷಣ ತಡೀಲಿಲ್ಲ” ಎಂದು ಹೇಳಿದ್ದ. ಅವಳು ಒಂದು ಮಾತೂ ಆಡಲಿಲ್ಲ, ಒಂದು ಗುಟುಕು ನೀರೂ ಕೊಡಲಿಲ್ಲ. ಅವನು ಒಂದು ತಾಸು ಬಿಸಿಲಲ್ಲಿ ಕೂತು ಎದ್ದು ಬಂದ. ಮನೆಗೆ ಬಂದವರಿಗೆ ನೀರು ಕೊಡದೆ ಇರುವುದು ಆ ಸೀಮೆಯಲ್ಲಿ ಬೈಗುಳಕ್ಕಿಂತ ದೊಡ್ಡದು. ಎರಡನೆಯ ವರ್ಷ ಒಂದು ತಂಬಿಗೆ ನೀರು ತಂದಿಟ್ಟಳು. ಬರುವ ಗುರುವಾರಕ್ಕೆ ಮೂರು ವರ್ಷ ತುಂಬುತ್ತದೆ.

“ಈ ಸಲ ಏನಂತ ಹೇಳ್ಲಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದ.

ಆ ಸಂಜೆ ಇಂದುಮತಿ ನಿರ್ದೇಶಕರ ಬಳಿ ಹೋದಳು. ಡಾ. ಗಲಗಲಿ ಕೆಟ್ಟ ಮನುಷ್ಯರಲ್ಲ. ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

“ಇನ್ನೂರ ಅರವತ್ತು ಜನ ಬದುಕಿರೋದು ಸುಳ್ಳಾ ಇಂದುಮತಿಯವರೇ?”

“ಸುಳ್ಳಲ್ಲ ಸರ್.”

“ಎಣಿಕೆಯ ನಿಯಮ ತಪ್ಪಿದ್ರೆ ತಿದ್ದಿ. ವಿಜ್ಞಾನ ನಡೆಯೋದೇ ಹಾಗೆ. ಆದ್ರೆ ಯಾವ ಆಜ್ಞೆ ಯಾರದು ಅಂತ ಹೊರಗೆ ಹೇಳಿದ್ರೆ ನಾಳೆಯಿಂದ ಒಬ್ಬ ಅಧಿಕಾರಿನೂ ತನ್ನನ್ನ ತಾನು ನಂಬಲ್ಲ. ಆ ಹೆಣ್ಣುಮಗಳಿಗೆ ಹೇಳಿ ಏನು ಬಂತು? ಸತ್ತವನು ಎದ್ದು ಬರ್ತಾನಾ?”

ಅವರು ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಅವೆಲ್ಲ ಅವಳದೇ ವರದಿಯ ಮಾತುಗಳು. ಕೋಣೆಗೆ ಹಿಂತಿರುಗಿ ನಿಯಮವನ್ನು ತಿದ್ದಿದಳು. ಪಟ್ಟಿಯ ಸಂಕೇತ ನಿಂತರೆ ಮನುಷ್ಯ ಒಳಗೇ ಇದ್ದಾನೆಂದು ತಿಳಿಯಬೇಕು, ಅವನನ್ನು ಹೊರಗೆ ಕಣ್ಣಾರೆ ಕಾಣುವ ತನಕ. ಒಂದು ಸಾಲು. ಬರೆದು, ಪರೀಕ್ಷಿಸಿ, ಎಲ್ಲ ಠಾಣೆಗಳಿಗೆ ಕಳಿಸಲು ಹಿಡಿದದ್ದು ಹನ್ನೊಂದು ನಿಮಿಷ. ಇಷ್ಟು ಸುಲಭದ ಕೆಲಸವಾಗಿತ್ತಲ್ಲ ಎಂಬುದೇ ಅವಳನ್ನು ಕೊಂದಿತು. ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಗುರುವಾರ ಬೆಳಗಿನ ಹತ್ತು ಗಂಟೆಗೆ ಅವಳು ಹಾದಿಮನಿಯ ಜೊತೆ ರೇಣವ್ವನ ಮನೆಯ ಮುಂದೆ ಇಳಿದಳು. ತಗಡಿನ ಮಾಡು, ಮುಂದೆ ಕಲ್ಲಿನ ಕಟ್ಟೆ. ರೇಣವ್ವ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಆ ಶೈತ್ಯಾಗಾರಕ್ಕೆ ಅವಳು ಮತ್ತೆ ಕೆಲಸಕ್ಕೆ ಹೋಗಿರಲಿಲ್ಲ; ಚೀಲವನ್ನೇ ಮನೆಗೆ ತರಿಸಿಕೊಳ್ಳುತ್ತಿದ್ದಳು.

“ಬರ್ರಿ ಸಾಹೇಬ್ರ,” ಎಂದಳು. ಇಂದುಮತಿಯ ಕಡೆ ಕಣ್ಣು ಹಾಯಿಸಿದಳು. “ಇವರು ಯಾರ?”

“ಅವತ್ತಿಂದು ಒಂದು ಮಾತು ಹೇಳಾಕ ಬಂದಾರ್ವಾ. ಕೇಳು,” ಎಂದ ಹಾದಿಮನಿ.

ಇಂದುಮತಿ ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಾಕ್ಯಗಳು ಆ ಕಟ್ಟೆಯ ಮೇಲೆ ಒಂದೂ ಉಪಯೋಗಕ್ಕೆ ಬರಲಿಲ್ಲ. ಬಾಗಿಲು ಹಾಕಿಸಿದ್ದು ಸಾಹೇಬರಲ್ಲ, ಯಂತ್ರ. ಸಾಹೇಬರ ದನಿಯಲ್ಲಿ ಅದು ಮಾತಾಡಿತು. ಆ ಯಂತ್ರ ಮಾಡಿದವಳು ನಾನು. ಒಳಗೆ ಯಾರೂ ಇಲ್ಲ ಎಂದು ಅದು ತಪ್ಪು ಎಣಿಸಿತು. ಹಾಗೆ ಎಣಿಸಲು ಕಲಿಸಿದವಳೂ ನಾನು. ಆಗ ಫಕ್ಕೀರೇಶ ಬಾಗಿಲ ಕಡೆ ನಡೆದು ಬರುತ್ತಿದ್ದ. ಮೂರು ವರ್ಷ ಸುಮ್ಮನಿದ್ದೆ.

ರೇಣವ್ವನ ಬೆರಳುಗಳು ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಸಾಹೇಬ್ರು ಒಂದು ಕ್ಷಣಾನೂ ತಡೀಲಿಲ್ಲ ಅಂದಿದ್ರಲ್ಲ?”

“ಅವರಿಗೆ ನೆನಪು ಇದ್ದಿಲ್ಲ. ಹತ್ತೊಂಬತ್ತು ಸೆಕೆಂಡು ಕಾದಾರ. ಅದರ ಸಪ್ಪಳ ನನ್ನ ಹತ್ರ ಅದ.”

“ಹಚ್ರಿ.”

ಇಂದುಮತಿ ಒಂದು ಕ್ಷಣ ಹಿಂಜರಿದು ಮುದ್ರಿಕೆ ಹಚ್ಚಿದಳು. ಬೆಂಕಿಯ ಮೊರೆತ ಕಟ್ಟೆಯ ಮೇಲೆ ಹರಡಿತು. ಆಮೇಲೆ ಸಣ್ಣದಾಗಿ ಟಿಕ್ ಟಿಕ್, ಟಿಕ್. ರೇಣವ್ವನ ಬೆರಳು ನಿಂತಿತು. ಮೌನ. ಟಿಕ್ ಟಿಕ್, ಟಿಕ್. ಅವಳು ತಲೆ ಎತ್ತಿ ಹಾದಿಮನಿಯನ್ನು ನೋಡಿದಳು. ಹತ್ತೊಂಬತ್ತು ಸೆಕೆಂಡು ಎಂದರೆ ಬಾಯಲ್ಲಿ ಹೇಳಲು ಸಣ್ಣದು. ಕೂತು ಕೇಳುವಾಗ ಬಹಳ ಉದ್ದ.

“ಸಾಕು, ಬಂದ್ ಮಾಡ್ರಿ,” ಎಂದಳು ರೇಣವ್ವ, ದನಿ ಬರುವ ಮುಂಚೆ. ಇಂದುಮತಿ ನಿಲ್ಲಿಸಿದಳು.

“ಇದು ನನಗೂ ಗೊತ್ರಿ,” ಎಂದಳು ರೇಣವ್ವ. “ಅಂವಾ ಮನ್ಯಾಗ ಒಲಿಮುಂದ ಕುಂತು, ಚಮಚದಿಂದ ತಾಟು ಬಡದು ತೋರಸ್ತಿದ್ದ. ಎರಡು ಮತ್ತು ಒಂದು, ಈ ಕಡೆ ಬಾ ಅಂತ. ಊಟಕ್ಕ ಕರ್‍ಯಾಕ ನಾನೂ ಹಂಗ ಬಡೀತಿದ್ದೆ.” ಸೆರಗಿನಿಂದ ಮುಖ ಒರೆಸಿಕೊಂಡಳು, ಮೆಣಸಿನಕಾಯಿ ಮುಟ್ಟಿದ ಕೈ ತಾಗಿ ಕಣ್ಣು ಇನ್ನಷ್ಟು ಉರಿಯಿತು. “ಕರದೀರಿ ಅಲ್ರಿ ಸಾಹೇಬ್ರ. ನೀವು ಕರದೀರಿ. ಅಂವಾ ಕೇಳಿ ಬರಾಕತ್ತಿದ್ದ.”

ಹಾದಿಮನಿ ಗಂಡಸು ಅಳಬಾರದೆಂಬುದನ್ನು ಮರೆತು ಅತ್ತ.

“ನನಗ ಬಾಗಿಲ ಯಾರು ಹಾಕಸಿದ್ರು ಅನ್ನೂದಲ್ರಿ ಸಂಕಟ,” ರೇಣವ್ವ ನಿಧಾನವಾಗಿ ಹೇಳತೊಡಗಿದಳು. “ಆ ಬಾಗಿಲ ಹಾಕ್ಲಿಲ್ಲಂದ್ರ ನಾನೂ ಇರ್ತಿದ್ದಿಲ್ಲ. ಅಂವಾ ಒಳಗದಾನ ಅನ್ನೂದು ಒಬ್ಬರ ನೆನಪಿನಾಗೂ ಇದ್ದಿಲ್ಲ ಅಂತ ತಿಳಕೊಂಡಿದ್ದೆ. ಮಂದ್ಯಾಗ ಒಂದು ಚೀಲಾ ಮರತು ಬಿಟ್ಟಂಗ ಬಿಟ್ಟು ಬಂದಾರ ಅಂತ.”

ಅವಳು ಎದ್ದು ಒಳಗೆ ಹೋದಳು. ಒಲೆಯ ಸದ್ದು, ಪಾತ್ರೆಯ ಸದ್ದು. ಚಹಾದ ವಾಸನೆ ಹೊರಗೆ ಬಂತು. ಹಾದಿಮನಿ ಕಿಸೆಯಿಂದ ಬಿಲ್ಲೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವಳು ಹೊರಗೆ ಬಂದಾಗ ಅದನ್ನು ಚಾಚಿದ.

“ಇದು ಇನ್ನ ನಿನ್ನ ಕಡೆ ಇರ್ಲಿವಾ.”

ರೇಣವ್ವ ಚಹಾದ ಕಪ್ಪನ್ನು ಅವನ ಮುಂದೆ ಇಟ್ಟು, ಬಿಲ್ಲೆಯನ್ನು ತೆಗೆದುಕೊಂಡಳು. ಸಂಖ್ಯೆಯ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ತಲೆಯಾಡಿಸಿದಳು.

“ಇದು ಮನ್ಯಾಗ ಇಡೂದಲ್ರಿ. ಎಣಸಾವ್ರ ಕೈಯಾಗ ಇರೂದು. ಅಂವಾನ ಹೇಳ್ತಿದ್ದ.” ಇಂದುಮತಿಯ ಕಡೆ ತಿರುಗಿದಳು. “ಇನ್ನ ಮ್ಯಾಲೆ ಎಣಸೂದು ನಿಮ್ಮ ಮಷಿನ್ ಏನ್ರಿ ಅಕ್ಕಾರ?”

“ಹೂಂ.”

“ಅದಕ್ಕ ಅಂಗೈ ಐತೇನ್ರಿ?”

“ಇಲ್ಲ.”

“ಹಂಗಾರ ಹಿಡೀರಿ.” ರೇಣವ್ವ ಬಿಲ್ಲೆಯನ್ನು ಇಂದುಮತಿಯ ಅಂಗೈಯಲ್ಲಿ ಇಟ್ಟು, ಠಾಣೆಯವರು ಒತ್ತುವ ಹಾಗೆಯೇ ಹೆಬ್ಬೆರಳಿನಿಂದ ಒತ್ತಿದಳು. ಅವಳ ಬೆರಳಿನ ಖಾರ ಇಂದುಮತಿಯ ಕೈಗೂ ಹತ್ತಿತು. “ಮಷಿನ್ನಿಗೆ ಬರಾಕ ಆಗಂಗಿಲ್ಲ. ಮುಂದಿನ ವರ್ಷ ಇದೇ ದಿನ ನೀವು ಬರ್ರಿ.”

ಅಷ್ಟು ಹೇಳಿ ಅವಳು ಮತ್ತೆ ಗೋಣಿಚೀಲದ ಮೇಲೆ ಕೂತು ತೊಟ್ಟು ಬಿಡಿಸತೊಡಗಿದಳು. ಹಾದಿಮನಿ ಎರಡೂ ಕೈಯಲ್ಲಿ ಕಪ್ಪು ಹಿಡಿದು ಚಹಾ ಕುಡಿದ. ಬಿಸಿಲು ಕಟ್ಟೆಯ ಮೇಲೆ ಏರುತ್ತಿತ್ತು. ಇಂದುಮತಿಯ ಗಂಟಲು ಒಣಗಿತ್ತು, ಅಂಗೈ ಉರಿಯುತ್ತಿತ್ತು. ಅವಳ ಮುಂದೆ ಒಂದು ಲೋಟ ನೀರೂ ಇರಲಿಲ್ಲ. ಅವಳು ಕೇಳಲಿಲ್ಲ. ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಂದು ತಾಸು ಅಲ್ಲೇ ಕೂತಿದ್ದಳು. ಅವಳಿಗೆ ಅದು ಮೊದಲನೆಯ ವರ್ಷ.